ಒಂದೇ ಸೀಟಿಗೆ ಕೊಯ್ದ ಎಲೆಗಳು

ಪರದೆಯ ಮೇಲೆ ಸಕ್ಕರೆಯ ಗೆರೆ ಎದ್ದು ನಿಂತದ್ದನ್ನು ಮೊದಲು ಕಂಡವರು ಯಂತ್ರದ ಅಣ್ಣ. ಕೆಜಿಎಫ್‌ನ ಊರಿಗಾಂನವರು. ಅವರ ಅಪ್ಪ ಗಣಿಗೆ ಇಳಿದು ದುಡಿದವರು. ಇವರು ನಮ್ಮ ಪ್ರಯೋಗಾಲಯದಲ್ಲಿ, ಎಲೆಯ ಸಾರದೊಳಗಿನ ಪದಾರ್ಥಗಳನ್ನು ಒಂದೊಂದಾಗಿ ಬೇರ್ಪಡಿಸಿ ಅಳೆಯುವ ಯಂತ್ರವೊಂದನ್ನು ಸಾಕುತ್ತಾರೆ. ಸಾಕುತ್ತಾರೆ ಎಂದೇ ಹೇಳಬೇಕು. ಕೋಣೆಯ ಏಸಿ ಕೊಂಚ ಕೆಮ್ಮಿದರೂ ಅವರಿಗೆ ಮಧ್ಯಾಹ್ನದ ಊಟ ಸೇರುವುದಿಲ್ಲ.

"ಮೇಡಂ, ಸ್ವಲ್ಪ ಬನ್ನಿ ಮಾ," ಎಂದು ನನ್ನನ್ನು ಕೂಗಿದರು. "ನಿಮ್ ಪೈರು ಪಾಯಸ ಕುಡ್ದಂಗಿದೆ ನೋಡಿ."

ನಾವು ಆಗ ಎರಡು ಬಗೆಯ ಭತ್ತದ ಎಲೆಗಳನ್ನು ಅಳೆಯುತ್ತಿದ್ದೆವು. ಒಂದು ಮೂಲ ತಳಿ. ಇನ್ನೊಂದು ಅದೇ ತಳಿಗೆ ಹೊರಗಿನ ಒಂದು ಜೀನ್ ಸೇರಿಸಿ ಮಾಡಿದ್ದು. ಆ ಜೀನ್ ಇದ್ದರೆ ಪೈರು ಟ್ರೆಹಲೋಸ್ ಎಂಬ ಒಂದು ಬಗೆಯ ಸಕ್ಕರೆಯನ್ನು ಹೆಚ್ಚಾಗಿ ಮಾಡಿಕೊಳ್ಳುತ್ತದೆ, ನೀರು ಕೈಕೊಟ್ಟಾಗ ಬೇಗ ಬಾಡುವುದಿಲ್ಲ. ಹಾಗಾಗಿ ಟ್ರೆಹಲೋಸ್ ಏರಿದರೆ ಸಂತೋಷವೇ. ಆದರೆ ಪರದೆಯ ಮೇಲೆ ಏರಿದ್ದು ಅದೊಂದೇ ಅಲ್ಲ. ಕಾಫಿಗೆ ಹಾಕಿಕೊಳ್ಳುವ ಮಾಮೂಲಿ ಸಕ್ಕರೆ, ಗ್ಲೂಕೋಸ್, ಜೊತೆಗೆ ಒಂದಷ್ಟು ಅಮೈನೋ ಆಮ್ಲಗಳು, ಎಲ್ಲವೂ ಜೀನ್ ಸೇರಿದ ಪೈರಿನಲ್ಲಿ ಬೇರೆಯಾಗಿಯೇ ನಿಂತಿದ್ದವು. ಆ ಪೈರಿನ ಇಡೀ ಚಯಾಪಚಯವೇ, ಅಂದರೆ ಅದು ಉಂಡು ಅರಗಿಸಿಕೊಂಡು ಬಾಳುವ ರೀತಿಯೇ, ಬುಡಮೇಲಾದ ಹಾಗಿತ್ತು.

ಸಂಸ್ಥೆಯ ಸುರಕ್ಷತಾ ಸಮಿತಿ ನಮ್ಮನ್ನು ಕೇಳಿದ್ದು ಇದೊಂದನ್ನೇ: ಜೀನ್ ಹಾಕಿದಿರಿ, ಬೇಕಾದದ್ದು ಬದಲಾಯಿತು, ಬೇಡದ್ದೇನಾದರೂ ಬದಲಾಯಿತೇ? ಬದಲಾಗಿದ್ದರೆ ಆ ಪೈರು, ಅದರ ಬೀಜ, ಹುಲ್ಲು, ಬೇರು ಎಲ್ಲವನ್ನೂ ಹಬೆಯಲ್ಲಿ ಬೇಯಿಸಿ, ಸುಟ್ಟು, ಕಡತ ಮುಚ್ಚಬೇಕು. ಆ ತಳಿಯನ್ನು ಕೈಯಾರೆ ಮಾಡಿದವರು ನಮ್ಮ ದೊಡ್ಡ ಮೇಡಂ. ನಿವೃತ್ತಿಯ ಹೊಸ್ತಿಲಲ್ಲಿದ್ದರು. ಬೆಂಗಳೂರಿನಿಂದ ದಿನವೂ ರೈಲಿನಲ್ಲಿ ಬಂಗಾರಪೇಟೆಗೆ ಬಂದು, ಅಲ್ಲಿಂದ ಕೆಜಿಎಫ್ ರಸ್ತೆಯಲ್ಲಿರುವ ನಮ್ಮ ಪ್ರಯೋಗಾಲಯಕ್ಕೆ ಆಟೋ ಹಿಡಿದು, ಅರ್ಧ ಆಯುಷ್ಯವನ್ನು ಆ ಒಂದು ಪೈರಿಗೆ ಸುರಿದಿದ್ದರು. ಇನ್ನೊಂದು ತಳಿ ಮಾಡಲು ಅವರಿಗೆ ಸಮಯವಿರಲಿಲ್ಲ.

ಅವರು ಪರದೆಯನ್ನು ನೋಡಿ, "ಯಂತ್ರ ಸರಿ ಇದೆಯಾ?" ಎಂದಷ್ಟೇ ಕೇಳಿದರು.

"ಮಿಷಿನ್ ಮೇಲೆ ತಪ್ಪು ಆಕ್ಬೇಡಿ ಮೇಡಂ," ಎಂದರು ಅಣ್ಣ, ಮಗನ ಮೇಲೆ ದೂರು ಬಂದವರಂತೆ ಮುಖ ಮಾಡಿಕೊಂಡು. ಎಲ್ಲ ಎಲೆಗಳ ಸಾರವನ್ನೂ ಸ್ವಲ್ಪ ಸ್ವಲ್ಪ ಬೆರೆಸಿ ಮಾಡಿದ ಮಾದರಿಯೊಂದನ್ನು ನಡುನಡುವೆ ಓಡಿಸಿ ತೋರಿಸಿದರು. ಪ್ರತಿ ಸಲವೂ ಒಂದೇ ಅಳತೆ. ಯಂತ್ರ ಪಾಪದ್ದು.

ಮುಂದಿನ ಅನುಮಾನ ಸೈನೈಡ್ ದಿಬ್ಬದ ಮೇಲೆ. ಕೆಜಿಎಫ್‌ನಲ್ಲಿ ಏನು ಕೆಟ್ಟರೂ, ಮಗುವಿಗೆ ಕೆಮ್ಮು ಬಂದರೂ ಮೊಸರು ಹೆಪ್ಪಾಗದಿದ್ದರೂ, ಗಣಿಯ ತ್ಯಾಜ್ಯದ ಆ ದಿಬ್ಬಗಳನ್ನೇ ಬೈಯುವುದು ವಾಡಿಕೆ. ಗಾಳಿಗೆ ಆ ಧೂಳು ನಾವು ಪೈರು ಬೆಳೆಸುವ ಪರದೆಮನೆಯ ಬಲೆಯ ಮೇಲೂ ಕೂರುತ್ತದೆ ನಿಜ. ಆದರೆ ಧೂಳು ಎಲ್ಲ ಕುಂಡದ ಮೇಲೂ ಸಮನಾಗಿ ಬೀಳುತ್ತದಲ್ಲ, ಜೀನ್ ನೋಡಿ ಬೀಳುವುದಿಲ್ಲವಲ್ಲ! ಅದನ್ನೂ ಕೈಬಿಟ್ಟೆವು.

ಉಳಿದದ್ದು ಒಂದು. ಜೀನ್ ಸೇರಿಸುವಾಗ ಪೈರನ್ನು ಗಾಜಿನ ಶೀಶೆಯಲ್ಲಿ, ಅಂಗಾಂಶದ ಮುದ್ದೆಯಾಗಿ ಬೆಳೆಸಬೇಕಾಗುತ್ತದೆ. ಆ ಶೀಶೆವಾಸವೇ ಪೈರಿನ ಗುಣ ಕೆಡಿಸುವುದುಂಟು. ಅದನ್ನು ತಿಳಿಯಲು ಮೂರನೆಯ ಬಗೆಯೊಂದನ್ನು ಸೇರಿಸಿದೆವು: ಅದೇ ಶೀಶೆಯಿಂದ ಬಂದ, ಆದರೆ ಮುಂದಿನ ಪೀಳಿಗೆಯಲ್ಲಿ ಜೀನನ್ನು ಕಳಚಿಕೊಂಡ ಒಡಹುಟ್ಟಿದ ಪೈರು. ಅದು ಮೂಲ ತಳಿಯಂತಿದ್ದರೆ ತಪ್ಪು ಜೀನಿನದು. ಜೀನ್ ಪೈರಿನಂತಿದ್ದರೆ ತಪ್ಪು ಶೀಶೆಯದು.

ಎರಡನೆಯ ಸುತ್ತು ಶುರುವಾಯಿತು. ಕೊಯ್ದ ಎಲೆ ಸತ್ತಿರುವುದಿಲ್ಲ. ಕೈಯಲ್ಲಿ ಹಿಡಿದಿರುವಾಗಲೂ ಅದರೊಳಗೆ ಅಡುಗೆ ನಡೆದೇ ಇರುತ್ತದೆ. ಆದ್ದರಿಂದ ಕೊಯ್ದ ಕೂಡಲೇ ದ್ರವ ಸಾರಜನಕದಲ್ಲಿ ಮುಳುಗಿಸಿ ಹಾಗೆಯೇ ಹೆಪ್ಪುಗಟ್ಟಿಸಬೇಕು. ಪರದೆಮನೆಯಲ್ಲಿ ಎಲೆ ಕೊಯ್ಯುತ್ತಿದ್ದವರು ಅಲ್ಲಿ ಕೆಲಸ ಮಾಡುವ ಅಕ್ಕ, ಬಂಗಾರಪೇಟೆ ಪಕ್ಕದ ಹಳ್ಳಿಯವರು. ಎರಡು ಬಾಗಿಲಿನ ನಡುವಿನ ಮುಂಕೋಣೆಯಲ್ಲಿ ಸಾರಜನಕದ ಕ್ಯಾನು ಇಟ್ಟುಕೊಂಡು ನಿಲ್ಲುತ್ತಿದ್ದವಳು ನಾನು. ಅಕ್ಕ ಒಂದೊಂದೇ ಎಲೆ ಕೊಯ್ದು ಬಾಗಿಲ ಸಂದಿಯಲ್ಲಿ ಕೊಟ್ಟರೆ, ನಾನು ಕುಂಡದ ಸಂಖ್ಯೆಯ ಜೊತೆ ಬಂದ ಸರದಿಯ ಅಂಕಿಯನ್ನೂ ಹಾಕಿ, ಹಾಳೆಯಲ್ಲಿ ಸುತ್ತಿ ಮುಳುಗಿಸುತ್ತಿದ್ದೆ. ಯಾವ ಕುಂಡ ಯಾವ ಬಗೆ ಎಂಬುದು ಅಳತೆ ಮುಗಿಯುವವರೆಗೆ ನನಗೆ ತಿಳಿಯಬಾರದು. ಕುಂಡದ ಮೇಲೆ ಬರೀ ಸಂಖ್ಯೆ. ನನ್ನ ಆಸೆ ಅಳತೆಗೆ ಅಂಟದಿರಲಿ ಎಂದು ನಾನೇ ಮಾಡಿಕೊಂಡ ಕಟ್ಟುಪಾಡು ಅದು, ಅದರ ಬಗ್ಗೆ ನನಗೆ ಸಾಕಷ್ಟು ಜಂಬವೂ ಇತ್ತು. ಇಬ್ಬನಿ ಆರುವಾಗ ಶುರುವಾದ ಕೊಯ್ಲು ಬಿಸಿಲು ಚುರುಗುಟ್ಟುವ ಹೊತ್ತಿಗೆ ಮುಗಿಯಿತು.

ಆಮೇಲೆ ಅರೆಯುವ ಕೆಲಸ. ಒರಳಿಗೆ ಸಾರಜನಕ ಸುರಿಯುತ್ತಾ, ಪುಡಿ ಕರಗದಂತೆ ಅರೆದು, ಮೆಥನಾಲ್‌ನಲ್ಲಿ ಸಾರ ತೆಗೆದು, ಆರಿಸಿ, ಯಂತ್ರಕ್ಕೆ ಹದ ಮಾಡಬೇಕು. ಗಾಳಿಯ ತೇವ ತಾಗಿದರೂ ಹದ ಕೆಡುತ್ತದೆ. ಒಂದು ಮಳೆಯ ಮಧ್ಯಾಹ್ನ ಹಾಗೇ ಕೆಟ್ಟು, ಅಷ್ಟನ್ನೂ ಚೆಲ್ಲಿ ಉಳಿದ ಪುಡಿಯಿಂದ ಮತ್ತೆ ಮಾಡಿದೆ. ಅವತ್ತು ಮನೆಗೆ ಹೋಗಿ ಗಂಡನ ಮೇಲೆ ಎಗರಾಡಿದೆ. ಅವರು ಇಲ್ಲಿನ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದಾರೆ, ಕಬ್ಬಿಣದ ಜೊತೆ ಏಗುವವರು, ನನ್ನ ಜೊತೆಯೂ ಏಗುತ್ತಾರೆ.

ಫಲಿತಾಂಶ ಬಂತು. ಒಡಹುಟ್ಟಿದ ಪೈರಿನ ಸಕ್ಕರೆಯೂ ಮೇಲೆ! ಮೂಲ ತಳಿ ಮಾತ್ರ ಕೆಳಗೆ. "ತಪ್ಪು ಶೀಶೆಯದು. ನನ್ನ ಜೀನ್ ಏನೂ ಮಾಡಿಲ್ಲ," ಎಂದು ಮೇಡಂ ಮಗುವಿನಂತೆ ಕುಣಿದರು. ಶೀಶೆಯ ದೋಷವಾದರೆ ಮೂಲ ತಳಿಯೊಂದಿಗೆ ಮತ್ತೆ ಮತ್ತೆ ಬೆರೆಸಿ ತೊಳೆದುಕೊಳ್ಳಬಹುದು ಎಂಬುದು ಅವರ ಲೆಕ್ಕಾಚಾರ. ಸಂಜೆ ನಮ್ಮೆಲ್ಲರನ್ನೂ ಬಂಗಾರಪೇಟೆಗೆ ಕರೆದುಕೊಂಡು ಹೋಗಿ ಪಾನಿಪೂರಿ ಕೊಡಿಸಿದರು. ಆ ಊರಿನ ಪಾನಿ ಬರೀ ನೀರಿನ ಹಾಗೆ ತಿಳಿಯಾಗಿರುತ್ತದೆ, ಬಾಯಿಗಿಟ್ಟ ಮೇಲೇ ಖಾರ ಗೊತ್ತಾಗುವುದು. ಎಲ್ಲರೂ ಚಪ್ಪರಿಸುತ್ತಿದ್ದರು. ನಾನು ಮಾತ್ರ ಪೂರಿ ಕೈಯಲ್ಲಿ ಹಿಡಿದು ಅಂಕಿಗಳನ್ನೇ ಲೆಕ್ಕ ಹಾಕುತ್ತಿದ್ದೆ.

ಯಾಕೆಂದರೆ ಒಡಹುಟ್ಟಿದ ಪೈರು ಜೀನ್ ಪೈರಿಗೆ ಸಮವಾಗಿ ನಿಂತಿರಲಿಲ್ಲ. ಅದಕ್ಕಿಂತಲೂ ಮೇಲಿತ್ತು. ಕೆಳಗೆ ಮೂಲ ತಳಿ, ನಡುವೆ ಜೀನ್ ಪೈರು, ಎಲ್ಲಕ್ಕಿಂತ ಮೇಲೆ ಒಡಹುಟ್ಟಿದ್ದು. ಶೀಶೆಯ ತಪ್ಪಾದರೆ ಎರಡೂ ಒಂದೇ ಮಟ್ಟದಲ್ಲಿರಬೇಕಿತ್ತು. ಮಾರನೆಯ ಬೆಳಿಗ್ಗೆ ಯಾರಿಗೂ ಹೇಳದೆ ಪರದೆಮನೆಗೆ ಹೋದೆ.

ಒಳಗೆ ಕಾಲಿಟ್ಟವಳು ನಿಂತೇಬಿಟ್ಟೆ. ಚೀಟಿ ಎತ್ತಿ, ಬಗೆಗಳನ್ನು ಬೇಕೆಂದೇ ಬೆರೆಸಿ ಚದುರಿಸಿಟ್ಟಿದ್ದ ಕುಂಡಗಳು ಅಂದವಾಗಿ, ಸಾಲುಸಾಲಾಗಿ ಜೋಡಣೆಯಾಗಿದ್ದವು.

"ಅಕ್ಕ, ಇದನ್ನ ಯಾರು ಜೋಡಿಸಿದ್ದು?"

"ನಾನೇ ಕಣಮ್ಮೋ. ಪಾಚಿ ಕಟ್ಟಿತ್ತಲ್ಲ, ಬೆಂಚು ಉಜ್ಜೋಕೆ ಎಲ್ಲಾ ಇಳಿಸ್ದೆ. ತಿರ್ಗಾ ಮಡಗುವಾಗ ಒಂದೇ ತಾಯಿ ಮಕ್ಳು ಒಂದ್ಕಡೆ ಇರ್ಲಿ ಅಂತ ಕೂರಿಸ್ದೆ. ನೀವು ಅಲ್ಲೊಂದು ಇಲ್ಲೊಂದು ಮಡಗಿದ್ರಿ, ಸಂತೇಲಿ ಮಕ್ಳು ತಪ್ಪುಸ್ಕೊಂಡಂಗೆ."

"ಯಾವುದು ಯಾವ ತಾಯಿ ಮಗು ಅಂತ ನಿಮಗೆ ಹೇಗೆ ಗೊತ್ತು? ಅದರ ಮೇಲೆ ನಂಬರ್ ಬಿಟ್ಟರೆ ಏನೂ ಇಲ್ಲ."

"ಒಟ್ಲಿಂದ ಸಸಿ ಕಿತ್ತು ನಾಟಿ ಆಕಿದ್ದು ನಾನೇ ಅಲ್ವಾ? ಮರ್ತೋಗೋಕೆ ನಂಗೇನು ಅಷ್ಟು ವಯಸ್ಸಾಗೈತಾ?"

ನಾನು ನನ್ನ ಕಣ್ಣಿಗೆ ಮಾತ್ರ ಬಟ್ಟೆ ಕಟ್ಟಿಕೊಂಡಿದ್ದೆ. ಅಕ್ಕನ ಕಣ್ಣು ತೆರೆದೇ ಇತ್ತು. ಎಲೆ ಕೊಯ್ಯುವುದನ್ನು ಎಲ್ಲಿಂದ ಶುರು ಮಾಡುತ್ತೀರಿ ಎಂದು ಕೇಳಿದೆ.

"ಈಶಾನ್ಯ ಮೂಲೇಲಿ. ಇನ್ನೆಲ್ಲಿಂದ ಮಾಡ್ತಾರಮ್ಮ? ಅಲ್ಲಿ ಅಳೇ ಬೀಜ ಮಡಗಿವ್ನಿ. ಅದ್ಕೆ ಒಂದು ಕೈ ಮುಗ್ದು ಕೊಯ್ತೀನಿ. ಆಮೇಲೆ ಒಸದು. ಆಮೇಲೆ ಮೊನ್ನೆ ಬಂದವು ಕಡೇಲಿ."

ಕೋಪ ಮೂಗಿನ ತುದಿಗೆ ಬಂತು, ಅಲ್ಲೇ ನಿಂತಿತು. ನಾನೂ ದಾವಣಗೆರೆಯ ಗದ್ದೆಯವರ ಮಗಳು. ನಮ್ಮ ಮನೆಯಲ್ಲೂ ಕುಡುಗೋಲು ಮೊದಲು ತಾಗುವುದು ಈಶಾನ್ಯದ ತೆನೆಗೇ. ಯಾರಾದರೂ ಅಮ್ಮನಿಗೆ ಚೀಟಿ ಎತ್ತಿ ಕೊಯ್ಯಿ ಎಂದಿದ್ದರೆ ಅವರ ಗ್ರಹಚಾರ ಬಿಡಿಸುತ್ತಿದ್ದಳು.

ಓಡಿಹೋಗಿ ಯಂತ್ರದ ಅಣ್ಣನಿಗೆ, ಬಗೆ ಮರೆತುಬಿಡಿ, ಕೊಯ್ದ ಸರದಿಯಲ್ಲಿ ಸಕ್ಕರೆಯನ್ನು ಜೋಡಿಸಿ ಎಂದೆ. ಅವರು ಜೋಡಿಸಿದರು. ಗೆರೆ ಎಡದಿಂದ ಬಲಕ್ಕೆ ಏರುತ್ತಾ ಹೋಯಿತು.

"ಇದು ಮೆಟ್ಟಿಲು ಮಾ!" ಎಂದರು. "ಅದೇ ಮೂಲ ತಳೀನಲ್ಲೂ ನೋಡಿ, ಮೊದ್ಲು ಕೊಯ್ದಿದ್ದು ಕಮ್ಮಿ, ಆಮೇಲೆ ಕೊಯ್ದಿದ್ದು ಜಾಸ್ತಿ."

ಬೆಳಗಿನ ಬಿಸಿಲು ಏರುತ್ತಿದ್ದಂತೆ ಎಲೆ ಸಕ್ಕರೆ ಮಾಡುತ್ತಾ ಹೋಗುತ್ತದೆ. ಅದು ಎಲ್ಲ ಹಸಿರೆಲೆಯ ದಿನಚರಿ. ಇಬ್ಬನಿಯಲ್ಲಿ ಕೊಯ್ದ ಮೂಲ ತಳಿ ಖಾಲಿ ಹೊಟ್ಟೆಯಲ್ಲಿತ್ತು, ಬಿಸಿಲೇರಿದ ಮೇಲೆ ಕೊಯ್ದವು ಉಂಡು ಕೂತಿದ್ದವು. ಎರಡೂ ಸುತ್ತಿನಲ್ಲಿ ನಾವು ಜೀನನ್ನು ಅಳೆದಿರಲಿಲ್ಲ, ಹೊತ್ತನ್ನು ಅಳೆದಿದ್ದೆವು.

ಮೇಡಂ ಅಂದು ವರದಿ ಕಳುಹಿಸುವವರಿದ್ದರು. ಪ್ರಯೋಗಾಲಯಕ್ಕೆ ಬರುವವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ. ಬಂಗಾರಪೇಟೆ ಸ್ಟೇಷನ್ನಿಗೆ ಹೋಗಿ ಅವರ ರೈಲಿಗಾಗಿ ಕಾದೆ. ಜನ ಇಳಿದು ಚದುರುವಷ್ಟರಲ್ಲೇ ಅವರನ್ನು ಹಿಡಿದು ಎಲ್ಲ ಹೇಳಿದೆ.

"ಬಂದ ಲಕ್ಷ್ಮೀನ ಕಾಲಲ್ಲಿ ಒದೀತೀರಲ್ರೀ," ಎಂದರು. ಮುಖ ಕೆಂಪಾಗಿತ್ತು. "ಶೀಶೆ ಅಂತ ಬರೆದರೆ ತಳಿ ಉಳಿಯುತ್ತೆ. ಯಾರೂ ಕೇಳಲ್ಲ."

"ಬಂದಿರೋದು ಲಕ್ಷ್ಮಿ ಅಲ್ಲ ಮೇಡಂ, ಬಿಸಿಲು. ಮುಂದೆ ಇನ್ನೊಬ್ಬರು ಅಳೆದು ಮೂರೂ ಒಂದೇ ಥರ ಇದೆ ಅಂದರೆ ನಮ್ಮ ಶೀಶೆ ಕತೆ ಏನಾಗುತ್ತೆ?"

"ಅಥವಾ ನಿಜವಾಗ್ಲೂ ಜೀನೇ ಕೆಡಿಸಿದೆ ಅಂತ ಬಂದರೆ?"

ಅವರಿಗಿದ್ದ ಭಯ ನನಗೂ ಇತ್ತು. ಬೆಂಚಿನ ಮೇಲೆ ಇಬ್ಬರೂ ಕೂತೆವು. ಕೋಲಾರದ ಕಡೆಯ ರೈಲು ಬಂದು ಹೋಯಿತು. ಕೊನೆಗೆ ಮೇಡಂ ಎದ್ದು, "ಕೊಯ್ಯೋಕೆ ಪೈರೆಲ್ಲಿದೆ? ಅಲ್ಲಿರೋದೆಲ್ಲಾ ತೆನೆ ಬಿಟ್ಟಾಯ್ತು," ಎಂದರು. ತೆನೆ ಬಿಟ್ಟ ಮೇಲೆ ಎಲೆಯ ಬಾಳೇ ಬೇರೆ, ಅಳೆದು ಪ್ರಯೋಜನವಿಲ್ಲ. ಉಳಿದಿದ್ದು ಬೀಜಕ್ಕೆಂದೇ ತಡವಾಗಿ ನೆಟ್ಟ ಕುಂಡಗಳು ಮಾತ್ರ, ಮೂರೂ ಬಗೆಯವು. ಅವುಗಳ ಎಲೆ ಕೊಯ್ದರೆ ಕಾಳು ಜೊಳ್ಳಾಗುವ ಭಯ. ಬೀಜ ಹೋದರೆ ತಳಿಯೇ ಹೋದ ಹಾಗೆ.

ಆಟೋ ಹತ್ತುವಾಗ ಅವರೇ ಹೇಳಿದರು: "ಕೊಯ್ಯಿರಿ. ತುದಿ ಎಲೆ ಮುಟ್ಟಬೇಡಿ, ಅದರ ಕೆಳಗಿನದು. ಒಂದೇ ಸಲ. ಎರಡನೇ ಸಲಕ್ಕೆ ಪೈರು ತಡೆಯಲ್ಲ."

ಕಾಳಿಗೆ ಹಾಲು ತುಂಬುವುದು ಹೆಚ್ಚಾಗಿ ತುದಿ ಎಲೆಯಿಂದ. ಅದು ಉಳಿದರೆ ಬೀಜ ಉಳಿಯಬಹುದು. ಕುಂಡಗಳು ಕಡಿಮೆ ಇದ್ದುದರಿಂದ ಸರದಿ ಬೆರೆಸಿದರಷ್ಟೇ ಸಾಲದು. ಎಲ್ಲ ಎಲೆಗಳೂ ಒಂದೇ ಬಿಸಿಲಿನಲ್ಲಿ, ಒಂದೇ ಗಳಿಗೆಯಲ್ಲಿ ಬೀಳಬೇಕು. ಅದಕ್ಕೆ ಕೈಗಳು ಬೇಕು. ಕಚೇರಿಯವರು ಹೊರಗಿನ ಕೂಲಿಗೆ ಮಂಜೂರಾತಿ ಆಗುವಷ್ಟರಲ್ಲಿ ಸಂಕ್ರಾಂತಿ ಬರುತ್ತದೆ ಎಂದು ಕೈಚೆಲ್ಲಿದರು. ಹೊರಗಿನವರನ್ನು ಒಳಗೆ ಬಿಡಲು ಅನುಮತಿಯನ್ನೇನೋ ಮೇಡಂ ಆ ದಿನವೇ ತಂದರು.

ಅಕ್ಕನಿಗೆ ಎಲ್ಲ ಬಿಡಿಸಿ ಹೇಳಿದೆ. ಬೀಜ ಸುಡುತ್ತಾರೆ ಎಂದಾಗ ಅವರ ಮುಖ ಬಿಗಿಯಿತು.

"ನಮ್ಮೂರು ನಾಟಿ ಎಂಗಸ್ರನ್ನ ಕರ್ಕೊಂಡ್ ಬತ್ತೀನಿ. ಕೂಲಿ ಗೀಲಿ ಬ್ಯಾಡ. ಮುಯ್ಯಾಳು."

"ಅಂದರೆ ನಾವು..."

"ಊಂ. ನೀವೂ ಬಂದು ನಮ್ಮ ರಾಗಿ ಕೊಯ್ಕೊಡಿ. ದೊಡ್ಡಮೇಡಮ್ನೋರೂ ಬರ್ಬೇಕು."

ನಾಟಿಯ ಹೆಂಗಸರು ಬಂದರು. ಬಿಳಿ ಕೋಟು ತೊಡಿಸಿದಾಗ ಒಬ್ಬರನ್ನೊಬ್ಬರು ನೋಡಿ ನಕ್ಕಿದ್ದೇ ನಕ್ಕಿದ್ದು, "ನರ್ಸಮ್ಮ ಆಗೋದ್ಯಲ್ಲೇ!" ಎಂದು. ಹೊರಗಿನ ಹುಲ್ಲಿನ ಮೇಲೆ ಅಭ್ಯಾಸ ಮಾಡಿಸಿದೆವು. ಪ್ರತಿಯೊಬ್ಬರ ಮುಂದೆಯೂ ಒಂದು ಗುಂಪು ಕುಂಡ, ಅದರಲ್ಲಿ ಮೂರೂ ಬಗೆ. ಪಕ್ಕದಲ್ಲೇ ಸಾರಜನಕ ತುಂಬಿದ ಫ್ಲಾಸ್ಕು. ಸೀಟಿ ಊದಿದ ಕೂಡಲೇ ಕೊಯ್ದು ಮುಳುಗಿಸಬೇಕು. ಸೀಟಿ ಯಂತ್ರದ ಅಣ್ಣನದೇ. ಭಾನುವಾರ ಊರಿಗಾಂ ಮೈದಾನದ ಫುಟ್ಬಾಲಿಗೆ ಅವರು ರೆಫರಿ. ಮೊದಲ ಅಭ್ಯಾಸದಲ್ಲಿ ಒಬ್ಬಾಕೆ ನೇರ ತುದಿ ಎಲೆಗೇ ಕತ್ತರಿ ಹಾಕಿದಳು. ಅಣ್ಣ ಜೇಬಿನಿಂದ ಹಳದಿ ಕಾರ್ಡು ತೆಗೆದು ತೋರಿಸಿದರು. ಏನೂ ಅರ್ಥವಾಗದಿದ್ದರೂ ಆಕೆ ನಾಚಿಕೊಂಡು ಮತ್ತೆಂದೂ ತಪ್ಪಲಿಲ್ಲ.

ಎಲ್ಲ ಸಜ್ಜಾಯಿತು ಎನ್ನುವಾಗ ಸಾರಜನಕ ಕೈಕೊಟ್ಟಿತು. ಕ್ಯಾನಿನ ಮುಚ್ಚಳ ಸಡಿಲವಾಗಿ ಅರ್ಧಕ್ಕರ್ಧ ಹಬೆಯಾಗಿ ಹೋಗಿತ್ತು. ಅದನ್ನು ತುಂಬಿಸುವ ಬೆಂಗಳೂರಿನ ಗಾಡಿ ವಾರ ಬಿಟ್ಟು ಬರುವುದು. ಪೈರಿನ ಹೊಟ್ಟೆ ಉಬ್ಬಿತ್ತು, ಒಂದೆರಡು ದಿನದಲ್ಲಿ ತೆನೆ ಹೊರಗೆ. ನನಗೆ ಅಳುವೇ ಬಂತು. ಅಕ್ಕನೇ, "ಅಸುಗೆ ಇಂಜೆಕ್ಷನ್ ಕೊಡೋನು ಇಂಥದ್ದೇ ಒಗೆ ಬರೋ ಕ್ಯಾನು ಇಟ್ಕೊಂಡವ್ನಲ್ಲಮ್ಮ?" ಎಂದರು. ಹಸುಗಳ ಕೃತಕ ಗರ್ಭಧಾರಣೆಯ ವೀರ್ಯದ ಕಡ್ಡಿಗಳನ್ನು ಕೆಡದಂತೆ ಇಡುವುದು ಇದೇ ದ್ರವದಲ್ಲಿ. ಹಾಲಿನ ಸೀಮೆಯಲ್ಲಿದ್ದುಕೊಂಡು ನನಗೆ ಅದು ಹೊಳೆದಿರಲಿಲ್ಲ. ಅಣ್ಣ ಸ್ಕೂಟರ್ ಹತ್ತಿದರು. ಇಂಜೆಕ್ಷನ್ ಕೊಡುವವನು, ಹಸುಗಳು ಬೆದೆಗೆ ಬಂದಿವೆ, ಎಲ್ಲ ಕೊಡಲಾರೆ ಎಂದು ಗೊಣಗಿ ಒಂದು ಪಾಲು ಸುರಿದುಕೊಟ್ಟನಂತೆ. ಫ್ಲಾಸ್ಕುಗಳ ತಳ ಮುಚ್ಚುವಷ್ಟು, ಅಷ್ಟೇ.

ಮರುದಿನ ಬೆಳಿಗ್ಗೆ ಮೋಡವಿರಲಿಲ್ಲ. ಅಕ್ಕ ಈಶಾನ್ಯದ ಕಡೆ ತಿರುಗಿ ಕೈ ಮುಗಿದರು. ಈ ಸಲ ನಾನೂ ಮುಗಿದೆ. ಮೇಡಂ ಬಾಗಿಲ ಬಳಿ ಸೆರಗು ಹಿಂಡುತ್ತಾ ನಿಂತಿದ್ದರು. ಸೀಟಿ ಕೂಗಿತು. ಕತ್ತರಿಗಳ ಸದ್ದು ಒಟ್ಟಿಗೇ ಕೇಳಿತು, ಫ್ಲಾಸ್ಕುಗಳಿಂದ ಬಿಳಿಯ ಹಬೆ ಎದ್ದಿತು. ನಾಟಿಯಲ್ಲಿ ಸಾಲು ತಪ್ಪದೆ ಹಿಂದೆ ಸರಿಯುವ ಹೆಂಗಸರು ಅವರು. ಒಬ್ಬರಿಗಾಗಿ ಇನ್ನೊಬ್ಬರು ಕಾಯಲಿಲ್ಲ, ಒಬ್ಬರನ್ನು ದಾಟಿ ಇನ್ನೊಬ್ಬರು ಹೋಗಲಿಲ್ಲ. ನಾನು ಉಸಿರು ಬಿಡುವಷ್ಟರಲ್ಲಿ ಕೆಲಸ ಮುಗಿದಿತ್ತು.

ಯಂತ್ರ ಒಂದೊಂದೇ ಮಾದರಿಯನ್ನು ನುಂಗಿ ಹೇಳಲು ದಿನಗಳೇ ಬೇಕು. ಆ ಕಾಯುವಿಕೆಯಲ್ಲಿ ಮುಯ್ಯಿ ತೀರಿಸಿದೆವು. ಮೇಡಂ ಟೋಪಿ ಹಾಕಿಕೊಂಡು ರಾಗಿ ಹೊಲಕ್ಕೆ ಇಳಿದರು, ಬೆನ್ನು ಹಿಡಿದುಕೊಂಡು ಬದುವಿನ ಮೇಲೆ ಕೂತರು, ಮತ್ತೆ ಎದ್ದು ಇಳಿದರು. "ಅಮ್ಮೋ, ನೀವು ಕೊಯ್ದಿದ್ದಕ್ಕಿಂತ ತುಳ್ದಿದ್ದೇ ಜಾಸ್ತಿ," ಎಂದು ಹೆಂಗಸರು ಕಾಡಿಸಿದರು. ಮಧ್ಯಾಹ್ನ ಮುದ್ದೆ, ಹುಳಿಸೊಪ್ಪು. ಬಹಳ ದಿನಗಳ ಮೇಲೆ ನನಗೆ ಊಟ ರುಚಿಸಿತು.

ಫಲಿತಾಂಶದ ದಿನ ಬೀಗದಲ್ಲಿಟ್ಟಿದ್ದ ಗುರುತುಗಳನ್ನು ತೆರೆದು, ಒಂದೊಂದು ಎಲೆಯನ್ನೂ ಒಂದೊಂದು ಚುಕ್ಕೆಯಾಗಿ ಪರದೆಯ ಮೇಲೆ ಹಾಕಿದೆವು. ಒಳಗಿನ ಬಾಳು ಒಂದೇ ಥರ ಇದ್ದರೆ ಚುಕ್ಕೆಗಳು ಹತ್ತಿರ, ಬೇರೆಯಾದರೆ ದೂರ. ಟ್ರೆಹಲೋಸನ್ನು ಪಕ್ಕಕ್ಕಿಟ್ಟು ಉಳಿದದ್ದೆಲ್ಲವನ್ನೂ ಸೇರಿಸಿದ್ದೆವು. ಮೂರು ಬಗೆಯ ಚುಕ್ಕೆಗಳೂ ಒಂದರೊಳಗೊಂದು ಕಲೆತುಹೋಗಿದ್ದವು. ಒಂದು ಅಮೈನೋ ಆಮ್ಲ ಮಾತ್ರ ಜೀನ್ ಪೈರಿನಲ್ಲಿ ತುಸು ಹೆಚ್ಚಿತ್ತು. ಅದನ್ನೂ ಮುಚ್ಚಿಡದೆ ಬರೆದೆವು. ನನಗೆ ಎದೆಯ ಮೇಲಿಂದ ಬೀಸುವ ಕಲ್ಲು ಇಳಿಸಿದ ಹಾಗಾಯಿತು. ಅಣ್ಣ ಯಂತ್ರದ ತಲೆ ಸವರಿದರು.

ಸಮಿತಿಯ ಅಧ್ಯಕ್ಷರು ನಗುವುದನ್ನು ನಾನು ಕಂಡಿರಲಿಲ್ಲ. ಅಂದು ಮೇಡಂ ಬಣ್ಣಗಳನ್ನು ತೆಗೆದು, ಎಲ್ಲ ಚುಕ್ಕೆಗಳನ್ನೂ ಕಪ್ಪು ಮಾಡಿ ತೋರಿಸಿದರು.

"ಇದರಲ್ಲಿ ನಿಮ್ಮ ಜೀನ್ ಪೈರು ಯಾವುದು?" ಎಂದು ಅಧ್ಯಕ್ಷರು ಕೇಳಿದರು.

"ನೀವೇ ಹುಡುಕಿ ಸರ್."

ಅವರು ಎದ್ದು ಪರದೆಯ ಬಳಿ ಹೋದರು. ಕನ್ನಡಕ ಮೇಲೆತ್ತಿ, ಚುಕ್ಕೆಯಿಂದ ಚುಕ್ಕೆಗೆ ಬೆರಳಾಡಿಸಿದರು. ಆ ಅಮೈನೋ ಆಮ್ಲದ ಬಗ್ಗೆ ಬಿಡದೆ ಪ್ರಶ್ನೆ ಕೇಳಿದರು, ಹಿಂದಿನ ಎರಡು ಸುತ್ತುಗಳನ್ನು ಯಾಕೆ ಎಸೆದಿರಿ ಎಂದೂ ಕೇಳಿದರು. ಇದ್ದದ್ದನ್ನು ಇದ್ದಂತೆ ಹೇಳಿದೆವು. ಕೊನೆಗೆ ಬಂದು ಕೂತು, "ಸಿಗಲಿಲ್ಲ," ಎಂದರು. ಇನ್ನೊಂದು ಹಂಗಾಮು ಪರದೆಮನೆಯೊಳಗೇ ಬೆಳೆಸಿ ನೋಡಲು ಒಪ್ಪಿಗೆ ಬರೆದರು.

ಮೇಡಂ ಅಲ್ಲಿಂದ ನೇರ ಪರದೆಮನೆಗೆ ನಡೆದರು. ನಾನೂ ಹಿಂದೆಯೇ ಹೋದೆ. ಅಕ್ಕ ಕುಂಡಗಳಿಗೆ ನೀರು ಬಿಡುತ್ತಿದ್ದರು. ಬೀಜದ ತೆನೆಗಳು ಹಾಲು ತುಂಬಿ ಬಾಗತೊಡಗಿದ್ದವು.

"ಸುಡೋದಿಲ್ಲ ಅಕ್ಕ," ಎಂದರು ಮೇಡಂ. "ಬೀಜ ಇಟ್ಕೋಬಹುದಂತೆ."

ಅಕ್ಕ ಪೈಪು ಕೆಳಗಿಟ್ಟು, ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡರು. "ಇಟ್ಕೊಳ್ಳಾಕಾ ಬೀಜ ಇರೋದು? ಒಟ್ಲು ಯಾವಾಗ ಬಿಡಾನ, ಅದೇಳಿ."

ಮೇಡಂ ಬಾಗಿದ ತೆನೆಯೊಂದನ್ನು ಅಂಗೈಯಲ್ಲಿ ಹಿಡಿದು ನೋಡಿದರು. ಕಣ್ಣು ತುಂಬಿ ಹರಿಯುತ್ತಿತ್ತು, ತುಟಿ ಮಾತ್ರ ನಗುತ್ತಿತ್ತು. ಅವರ ಪರವಾಗಿ ನಾನೇ ಹೇಳಿದೆ: "ಬರೋ ಹಂಗಾಮಿಗೇ, ಅಕ್ಕ."